ಯಾರೂ ತುಳಿಯದ ಕಾಲೊರಸು

ಬೈರಕೂರಿನ ಆದಿಲಕ್ಷ್ಮಿಗೆ ತನ್ನ ಮನೆಯ ಮುಂದೆ ಬೆಳಗಿನ ಬಿಸಿಲು ಎಲ್ಲಿಂದ ಎಲ್ಲಿಗೆ ಬೀಳುತ್ತದೆ ಎಂದು ಗೊತ್ತಾದದ್ದು ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ಅದೂ ಜ್ವರ ಬಂದು ಕೆಲಸಕ್ಕೆ ರಜೆ ಹಾಕಿದ ಒಂದು ಮಂಗಳವಾರ. ನಗಬೇಡಿ. ಮಾಲೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ವೈರುಗಳನ್ನು ಸೇರಿಸಿ ಕಟ್ಟು ಕಟ್ಟುವ ಕೆಲಸ ಅವಳದು. ಕಂಪನಿ ಬಸ್ಸು ಕತ್ತಲಲ್ಲೇ ಬಂದು ಹಾರನ್ ಹೊಡೆಯುತ್ತಿತ್ತು, ಕತ್ತಲಾದ ಮೇಲೆ ತಂದು ಇಳಿಸುತ್ತಿತ್ತು. ಭಾನುವಾರ ಒಂದು ದಿನ ಮನೆಯಲ್ಲಿದ್ದರೂ ಒಗೆಯುವ ಬಟ್ಟೆ, ರುಬ್ಬುವ ಹಿಟ್ಟು, ಕೋಲಾರದ ಹಾಸ್ಟೆಲ್ಲಿನಲ್ಲಿ ಓದುವ ಮಗಳ ಫೋನು, ಇಷ್ಟರಲ್ಲೇ ಹೊತ್ತು ಮುಳುಗುತ್ತಿತ್ತು. ಬಿಸಿಲು ನೋಡುತ್ತ ಕೂರಲು ಅವಳೇನು ಬೆಕ್ಕೇ?

ಆ ಮಂಗಳವಾರ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಳು. ಎದುರು ಮನೆಯ ಹಸು ಮೆಲುಕು ಹಾಕುತ್ತಿತ್ತು. ಹಾಲಿನ ಡೈರಿಗೆ ಹೋಗಿ ಬಂದ ಹೆಂಗಸರು ಖಾಲಿ ಕ್ಯಾನು ಹಿಡಿದು ಹರಟುತ್ತ ನಿಂತಿದ್ದರು. ಮಾವಿನ ಮರದಡಿಯಿಂದ ಬಿಸಿಲು ನಿಧಾನವಾಗಿ ಬಂದು ಅವಳ ಪಾದದ ಮೇಲೆ ಕೂತಿತು. ಆದಿಲಕ್ಷ್ಮಿಗೆ ಅಳುವೇ ಬಂತು. ಇಷ್ಟು ಚೆನ್ನಾಗಿರುವ ಬೆಳಗನ್ನೆಲ್ಲ ತಾನು ಇಷ್ಟು ವರ್ಷ ಕಿಟಕಿ ಇಲ್ಲದ ಶೆಡ್ಡಿನಲ್ಲಿ ಟ್ಯೂಬ್ ಲೈಟಿನ ಕೆಳಗೆ ಕಳೆದೆನಲ್ಲ ಎಂದು ಹೊಟ್ಟೆ ಉರಿಯಿತು. ಜ್ವರ ಎರಡೇ ದಿನಕ್ಕೆ ಇಳಿಯಿತು. ಹೊಟ್ಟೆಯ ಉರಿ ಇಳಿಯಲಿಲ್ಲ.

ಊರಲ್ಲೇ ಏನಾದರೂ ಮಾಡಬೇಕು ಎಂದುಕೊಳ್ಳದ ಹೆಂಗಸು ಕಂಪನಿ ಬಸ್ಸಿನಲ್ಲಿ ಒಬ್ಬಳೂ ಇರಲಿಲ್ಲ. ಒಬ್ಬಳಿಗೆ ಬ್ಯೂಟಿ ಪಾರ್ಲರು, ಇನ್ನೊಬ್ಬಳಿಗೆ ಹಪ್ಪಳ, ಮತ್ತೊಬ್ಬಳಿಗೆ ಕುರಿ. ಮುಳಬಾಗಿಲು ಬರುವ ಹೊತ್ತಿಗೆ ಎಲ್ಲರ ಅಂಗಡಿಗಳೂ ಶುರುವಾಗಿ, ಕೋಲಾರ ದಾಟುವ ಹೊತ್ತಿಗೆ ಎಲ್ಲರೂ ನಿದ್ದೆ ಹೋಗಿರುತ್ತಿದ್ದರು. ಆದಿಲಕ್ಷ್ಮಿಯ ಕನಸಿಗೆ ಇನ್ನೂ ಹೆಸರೇ ಸಿಕ್ಕಿರಲಿಲ್ಲ. ಸಿಕ್ಕಿದ್ದು ಕುರುಡುಮಲೆಯಲ್ಲಿ.

ಅವಳ ಗಂಡ ಕದಿರೇಶ್ ಟೆಂಪೋ ಓಡಿಸುತ್ತಿದ್ದ. ಟೊಮೆಟೊ ಕಾಲದಲ್ಲಿ ಟೊಮೆಟೊ, ಮಾವಿನ ಕಾಲದಲ್ಲಿ ಮಾವು, ಯಾವುದೂ ಇಲ್ಲದಾಗ ಮಾತು, ಇವಿಷ್ಟೂ ಅವನ ಲೋಡು. ಟೆಂಪೋಗೆ ಹೊಸ ಟೈರು ಹಾಕಿಸಿದ ಖುಷಿಗೆ ಹೆಂಡತಿಯನ್ನು ಕೂರಿಸಿಕೊಂಡು ಕುರುಡುಮಲೆ ಗಣಪನಿಗೆ ಕಾಯಿ ಒಡೆಯಲು ಹೊರಟ. ಗುಡಿಯ ಬೀದಿಯ ಕಾಯಿ ಅಂಗಡಿಯ ಹಿಂದೆ ಸುಲಿದ ಮಟ್ಟೆ ಆಳೆತ್ತರಕ್ಕೆ ಬಿದ್ದಿತ್ತು. ಅಂಗಡಿಯವನು ಅದಕ್ಕೆ ಬೆಂಕಿ ಇಡಲು ನೋಡುತ್ತಿದ್ದ. ಆದಿಲಕ್ಷ್ಮಿಯ ತವರು ಟೇಕಲ್ಲು. ಅವಳ ತಾತ ಅಲ್ಲಿ ಬಂಡೆಯ ನೆರಳಿನಲ್ಲಿ ಕೂತು ತೆಂಗಿನ ನಾರಿನಿಂದ ದನದ ಹಗ್ಗ ಹೊಸೆಯುತ್ತಿದ್ದ. ತೊಡೆಯ ಮೇಲೆ ನಾರು ಉರುಳುವ ಸದ್ದು ಕೇಳುತ್ತಲೇ ಅವಳು ಬೆಳೆದವಳು. ಬೆಂಕಿಕಡ್ಡಿ ಕಂಡದ್ದೇ ತಡ, "ಅಣ್ಣಾ, ನಿಲ್ಲಣ್ಣಾ!" ಎಂದು ಕೂಗಿದಳು.

"ಬೇಕಾ ನಿಮ್ಗೆ? ತಗೊಂಡೋಗಮ್ಮ, ಪೀಡೆ ತೊಲಗುತ್ತೆ," ಎಂದ ಅಂಗಡಿಯವನು.

ಕದಿರೇಶ್ ಹೊಸ ಟೈರಿನ ಟೆಂಪೋ ಕಡೆ ನೋಡಿದ, ಮಟ್ಟೆಯ ರಾಶಿ ನೋಡಿದ, ಹೆಂಡತಿಯ ಮುಖ ನೋಡಿದ. "ಗಣಪ ಕೊಟ್ಟ ಮೊದಲನೇ ಬಾಡಿಗೆ ಇದೇನಾ?" ಎಂದು ಗೊಣಗುತ್ತಲೇ ತುಂಬಿದ.

ಮುಂದಿನದೆಲ್ಲ ಬೇಗ ಬೇಗ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದಿಲಕ್ಷ್ಮಿ ಗೆಳತಿ ವಾಣಿಶ್ರೀಯನ್ನು ಜೊತೆಗೆ ಹಾಕಿಕೊಂಡು ತಿಪಟೂರಿನ ಕಡೆ ನಾರಿನ ತರಬೇತಿಗೆ ಹೋಗಿ ಬಂದಳು. ವಾಣಿಶ್ರೀ ಅದೇ ಬಸ್ಸಿನವಳು, ಕುರಿ ಸಾಕುವ ಕನಸಿನವಳು. ಕುರಿಗಿಂತ ಮಟ್ಟೆ ವಾಸಿ, ಮೇವು ಕೇಳುವುದಿಲ್ಲ ಎಂಬುದು ಅವಳ ಲೆಕ್ಕ. ಊರಿನ ಹೆಂಗಸರ ಸಂಘದ ಹೆಸರಿಗೆ ನಾರು ಬಿಡಿಸುವ ಯಂತ್ರವೂ, ಕಾಲೊರಸು ನೇಯುವ ಎರಡು ಮಗ್ಗಗಳೂ ಬಂದವು. ಬಂದವೇನೋ ಸರಿ, ಇಡುವುದೆಲ್ಲಿ?

ಜಾಗವಿತ್ತು. ಆದರೆ ಅದರ ಬೀಗದ ಕೈ ಅತ್ತೆ ದೊಡ್ಡಗಂಗಮ್ಮನ ಸೊಂಟದಲ್ಲಿತ್ತು.

ಮನೆಯ ಹಿಂದಿನ ರೇಷ್ಮೆಹುಳದ ಮನೆ ದೊಡ್ಡಗಂಗಮ್ಮ ಕಟ್ಟಿಸಿದ್ದು. ಗಂಡ ತೀರಿಕೊಂಡ ಮೇಲೆ ಹುಳ ಸಾಕಿಯೇ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು ಆಕೆ. ಅದರೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಊದಿನಕಡ್ಡಿ ಹಚ್ಚುವಂತಿಲ್ಲ, ಜೋರಾಗಿ ಜಗಳ ಆಡುವಂತೆಯೂ ಇಲ್ಲ. ಹುಳಕ್ಕೆ ಜಗಳ ಕೇಳಿಸುತ್ತದೆಯೇ ಎಂದು ಕೇಳಿದವರಿಗೆ ಆಕೆಯ ಒಂದು ನೋಟವೇ ಸಾಕಾಗುತ್ತಿತ್ತು. ಹೋದ ವರ್ಷ ಎರಡು ಬೆಳೆ ರೋಗ ಬಂದು ಕೈಕೊಟ್ಟಿದ್ದರಿಂದ ಸ್ವಲ್ಪ ದಿನ ಸುಮ್ಮನಿದ್ದಳು. ಹಿಪ್ಪುನೇರಳೆ ತೋಟ ಹಾಗೇ ಇತ್ತು, ಸೊಪ್ಪನ್ನು ಪಕ್ಕದವರಿಗೆ ಕೊಡುತ್ತಿದ್ದಳು.

"ಮಟ್ಟೆ ತಂದು ನನ್ನ ಹುಳದ ಮನೇಲಿ ಹಾಕ್ತೀಯಾ?" ಎಂದು ಕೇಳಿದಳು ದೊಡ್ಡಗಂಗಮ್ಮ.

"ಖಾಲಿ ಐತಲ್ಲ ಅತ್ತೆ."

"ಖಾಲಿ ಇಲ್ಲ ಕಣೇ. ಸುಧಾರಿಸಿಕೊಳ್ತಾ ಐತೆ."

ನಾಲ್ಕನೆಯ ದಿನ ಬೀಗದ ಕೈ ತೆಗೆದು ಸೊಸೆಯ ಮುಂದೆ ಇಟ್ಟಳು. ದಸರಾ ಆಗ ತಾನೇ ಮುಗಿದಿತ್ತು. "ಉಗಾದಿ ತನಕ ಇಟ್ಕೊ. ನಡೀತಾ ಇದ್ರೆ ಆಮೇಲೆ ನೋಡೋಣ. ನಡೀದಿದ್ರೆ ನಾನು ಹುಳ ತರಿಸ್ತೀನಿ, ನೀನು ಬಾಯಿ ಮುಚ್ಕೊಂಡು ಬಸ್ ಹತ್ತು. ಆಗ ಕಣ್ಣೀರು ಹಾಕಂಗಿಲ್ಲ."

"ಹಾಕಲ್ಲ ಅತ್ತೆ," ಎಂದಳು ಆದಿಲಕ್ಷ್ಮಿ, ಆಗಲೇ ಕಣ್ಣೀರು ಒರೆಸಿಕೊಳ್ಳುತ್ತ. ಮರುದಿನವೇ ವಾಣಿಶ್ರೀಯ ಜೊತೆ ಹೋಗಿ ಇಬ್ಬರ ರಾಜೀನಾಮೆಯನ್ನೂ ಕೊಟ್ಟು ಬಂದಳು. ಕಾರ್ಖಾನೆಯ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಬೇಕೆನಿಸಿದಾಗ ಮತ್ತೆ ಬಾರಮ್ಮ ಎಂದು ಕಳಿಸಿಕೊಟ್ಟ. ಆ ಒಳ್ಳೆಯ ಮಾತೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಮಟ್ಟೆಯನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಬೇಕು. ತೋಟದ ಮೂಲೆಯ ನೀರಿನ ಕುಂಟೆಯಲ್ಲಿ ಹಾಕಿದರು. ನೆನೆದ ಮಟ್ಟೆಯ ವಾಸನೆ ಹೇಗಿರುತ್ತದೆ ಎಂದು ತರಬೇತಿ ಕೊಟ್ಟವರು ಹೇಳಿರಲಿಲ್ಲ, ಹೇಳಿದ್ದರೆ ಅರ್ಧ ಜನ ಅಲ್ಲೇ ಎದ್ದು ಬರುತ್ತಿದ್ದರೋ ಏನೋ. ಆ ದಾರಿಯಲ್ಲಿ ಹೋಗುವವರೆಲ್ಲ ಮೂಗಿಗೆ ಸೆರಗು ಹಿಡಿದು, "ಆದಿಲಕ್ಷ್ಮಿ ಏನೋ ದೊಡ್ಡದಾಗಿ ಮಾಡ್ತಾವ್ಳೆ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಯಂತ್ರಕ್ಕೆ ಹಾಕಿದರೆ ಪುಡಿ ಹಾರಿ, ವಾಣಿಶ್ರೀಯ ಮುಖ ರಾಗಿ ಬೀಸಿದವರ ಹಾಗಾಗುತ್ತಿತ್ತು. ಆದರೂ ಮೊದಲ ಸಲ ತೊಳೆದು ಒಣಗಿಸಿದ ನಾರು ಬಿಸಿಲಿಗೆ ಬಂಗಾರದ ಬಣ್ಣಕ್ಕೆ ತಿರುಗಿದಾಗ ಇಬ್ಬರೂ ಹುಚ್ಚು ಹಿಡಿದವರಂತೆ ಅದರ ಮೇಲೆ ಬಿದ್ದು ಉರುಳಾಡಿದರು. ಚುಚ್ಚಿತು. ಆದರೂ ಉರುಳಾಡಿದರು. ಹಗಲು ಹೊತ್ತಿನಲ್ಲಿ, ಸ್ವಂತ ತೋಟದಲ್ಲಿ, ಯಾರ ಗಂಟೆಯೂ ಹೊಡೆಯದ ಜಾಗದಲ್ಲಿ ಹಾಗೆ ನಗುವುದು ಆದಿಲಕ್ಷ್ಮಿಗೆ ಹೊಸದು.

ಕಾಲೊರಸುಗಳು ಚೆನ್ನಾಗಿ ಬಂದವು. ಒತ್ತಾಗಿ, ದಪ್ಪವಾಗಿ, ಅಂಚು ನೇರವಾಗಿ. ಅವನ್ನು ಮಾರುವ ಹೊಣೆಯನ್ನು ಕದಿರೇಶ್ ಹೊತ್ತುಕೊಂಡ, ಅಲ್ಲೇ ನೋಡಿ ಎಡವಟ್ಟಾದದ್ದು. ಎಡವಟ್ಟು ಅವನೊಬ್ಬನದಲ್ಲ. ಮೈಕಿನಲ್ಲಿ ಏನು ಹೇಳಬೇಕೆಂದು ಗಂಡ ಹೆಂಡತಿ ಇಬ್ಬರೂ ಕೂತು ಯೋಚಿಸಿದರು. ನಾರು ಎಲ್ಲಿಂದ ಬಂತು ಎಂಬುದಕ್ಕಿಂತ ದೊಡ್ಡ ಹೆಗ್ಗಳಿಕೆ ಆದಿಲಕ್ಷ್ಮಿಗೂ ಕಾಣಲಿಲ್ಲ. ಟೆಂಪೋದ ಮೇಲೆ ಕಟ್ಟಿದ ಮೈಕಿನಿಂದ ಕದಿರೇಶನ ದನಿ ಬೈರಕೂರಿನಿಂದ ಶ್ರೀನಿವಾಸಪುರದವರೆಗೆ ಮೊಳಗಿತು.

"ಬನ್ನಿ ಅಮ್ಮ, ಬನ್ನಿ ಅಕ್ಕ! ಕುರುಡುಮಲೆ ಗಣಪನ ಕಾಯಿ, ಆ ಕಾಯಿಯ ನಾರು, ಆ ನಾರಿನ ಕಾಲೊರಸು! ಬಾಗಿಲಿಗೊಂದು ಹಾಕಿ, ವಿಘ್ನ ಎಲ್ಲ ಹೊರಗಡೇನೇ!" ಇದನ್ನೇ ತೆಲುಗಿನಲ್ಲೂ ಒಂದು ಸುತ್ತು, ಗಡಿಯ ಕಡೆಯ ಊರುಗಳಿಗಾಗಿ.

ಮುಗಿಬಿದ್ದು ಕೊಂಡರು. ಮನೆಗೊಂದರಂತೆ, ಕೆಲವರು ತವರಿಗೂ ಸೇರಿಸಿ. ಟೆಂಪೋ ಖಾಲಿಯಾಗಿ ಬಂದ ಸಂಜೆ ಆದಿಲಕ್ಷ್ಮಿ ಕಾಯಿ ಹೋಳಿಗೆ ಮಾಡಿದಳು. ದೊಡ್ಡಗಂಗಮ್ಮ ಎರಡು ತಿಂದಳು. ಮೂರನೆಯದಕ್ಕೆ ತುಪ್ಪ ಕೇಳಿದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಸೊಸೆ ಖುಷಿಯಿಂದ ಒಂದು ಕಾಲೊರಸನ್ನು ತನ್ನ ಮನೆಯ ಹೊಸಿಲಿನ ಮುಂದೆಯೂ ಹಾಕಿದಳು. ಮರುದಿನ ಬೆಳಗ್ಗೆ ದೊಡ್ಡಗಂಗಮ್ಮ ಹೊರಗೆ ಬಂದಳು, ಕೆಳಗೆ ನೋಡಿದಳು, ನಿಂತಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲುವೆ ದಾಟುವವಳಂತೆ ಒಂದೇ ದಾಪಿಗೆ ಅದನ್ನು ದಾಟಿ ಆಚೆ ಇಳಿದಳು. ವಾಪಸು ಬರುವಾಗಲೂ ಹಾಗೇ. ಆದಿಲಕ್ಷ್ಮಿಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ಕದಿರೇಶ್ ಊಟಕ್ಕೆ ಬಂದವನು ಅದೇ ಜಾಗದಲ್ಲಿ ನಿಂತು, ತಾನೇ ಮೈಕಿನಲ್ಲಿ ಕೂಗಿದ ಮಾತು ನೆನಪಾದವನಂತೆ ಮೆಲ್ಲಗೆ ಸುತ್ತಿಬಳಸಿ ಒಳಗೆ ಬಂದ.

"ಯಾಕ್ರೀ ಹಂಗೆ ಬಂದ್ರಿ?"

"ಗಣಪನ ಕಾಯಿ ನಾರಲ್ವಾ," ಎಂದ ಕದಿರೇಶ್ ತಲೆ ಕೆರೆಯುತ್ತ. "ಕಾಲೇ ಬರ್ಲಿಲ್ಲ ಕಣೇ."

ಆದಿಲಕ್ಷ್ಮಿ ತನ್ನ ಕಾಲನ್ನೇ ನೋಡಿಕೊಂಡಳು. ಅವಳೂ ಬೆಳಗಿನಿಂದ ಎಷ್ಟೋ ಸಲ ಹೊರಗೆ ಒಳಗೆ ಓಡಾಡಿದ್ದಳು. ಒಂದು ಸಲವೂ ತುಳಿದಿರಲಿಲ್ಲ. ಅದು ಅವಳಿಗೇ ಗೊತ್ತಾಗಿರಲಿಲ್ಲ.

ಕೊಂಡವರ ಮನೆಗಳಲ್ಲಿ ಏನಾಗಿದೆ ಎಂದು ನೋಡಿಕೊಂಡು ಬರಲು ವಾಣಿಶ್ರೀಯ ಜೊತೆ ಹೊರಟಳು. ಮೊದಲ ಮನೆಯಲ್ಲಿ ಕಾಲೊರಸು ಗೋಡೆಯ ಮೇಲಿತ್ತು, ನಡುವೆ ಕುಂಕುಮದ ಬೊಟ್ಟು. ಎರಡನೆಯ ಮನೆಯಲ್ಲಿ ಬೀರುವಿನ ಮೇಲೆ, ಹೊದಿಸಿದ ಪ್ಲಾಸ್ಟಿಕ್ಕನ್ನೂ ತೆಗೆಯದೆ. ಇನ್ನೊಂದು ಮನೆಯಲ್ಲಿ ಟಿವಿಯ ಕೆಳಗೆ. ಮತ್ತೊಂದರಲ್ಲಿ ದೇವರ ಕೋಣೆಯಲ್ಲಿ, ಅದರ ಮೇಲೆ ದೀಪದ ಕಂಬ. "ತುಂಬಾ ಚೆನ್ನಾಗೈತಮ್ಮ, ನೂರು ವರ್ಷ ಬಾಳಿಕೆ ಬರುತ್ತೆ," ಎಂದು ಎಲ್ಲರೂ ಮನಸಾರೆ ಹೊಗಳಿದರು. ಬಾಳಿಕೆ ಬಾರದೆ ಏನು? ತುಳಿದರೆ ತಾನೇ ಸವೆಯುವುದು! ಸವೆದರೆ ತಾನೇ ಇನ್ನೊಂದು ಕೊಳ್ಳುವುದು! ಅವರ ಬಾಗಿಲುಗಳಲ್ಲಿ ಹಳೆಯ ಗೋಣಿಚೀಲವೇ ಬಿದ್ದಿತ್ತು, ಎಲ್ಲರ ಕಾಲನ್ನೂ ಒರೆಸಿಕೊಂಡು ನೆಮ್ಮದಿಯಾಗಿತ್ತು.

ವಾಪಸು ಬರುವ ದಾರಿಯಲ್ಲಿ ಗೆಳತಿಯರಿಬ್ಬರೂ ಒಂದು ಫರ್ಲಾಂಗು ಬಿರಬಿರನೆ ನಡೆದರು. ಆಮೇಲೆ ವಾಣಿಶ್ರೀಗೆ ನಗು ಬಂತು. ಆದಿಲಕ್ಷ್ಮಿಗೂ ಬಂತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ ಆದಿಲಕ್ಷ್ಮಿ ಬೆರಳು ಮಡಿಸಿ ತಿಂಗಳು ಎಣಿಸಿದಳು. ಸಂಕ್ರಾಂತಿ ಹತ್ತಿರ ಬಂದಿತ್ತು, ಅದಾದ ಮೇಲೆ ಉಗಾದಿ ದೂರವಿರಲಿಲ್ಲ. ಕಂಪನಿ ಬಸ್ಸಿನ ಕಿಟಕಿಯ ತಣ್ಣನೆಯ ಕಂಬಿ ಕೆನ್ನೆಗೆ ತಾಗಿದಂತಾಯಿತು.

ಕದಿರೇಶ್ ತನ್ನ ತಪ್ಪನ್ನು ತಾನೇ ತಿದ್ದುತ್ತೇನೆಂದು ಬೇರೆ ಕಡೆಯ ಮಟ್ಟೆಯ ಕಾಲೊರಸು ತುಂಬಿ, ಹೊಸ ಮಾತು ಜೋಡಿಸಿಕೊಂಡು ಶ್ರೀನಿವಾಸಪುರಕ್ಕೆ ಹೋದ. "ಈ ಸಲದ್ದು ಗಣಪನ ಕಾಯಿಯ ನಾರಲ್ಲ! ಧೈರ್ಯವಾಗಿ ತುಳೀರಿ!" ಎಂದು ಮೈಕಿನಲ್ಲಿ ಕೂಗಿದ. ಜನ ಮನೆಗಳಿಂದ ಹೊರಗೆ ಬಂದು ಟೆಂಪೋ ಸುತ್ತುವರಿದರು. ಹಾಗಾದರೆ ಮೊದಲು ಕೊಟ್ಟದ್ದೂ ಗಣಪನದಲ್ಲವೇ, ನಾವು ಕುಂಕುಮ ಇಟ್ಟದ್ದು ಯಾವುದಕ್ಕೆ ಎಂದು ಕೇಳಿದರು. ಅವನು ಮೊದಲಿನದು ಗಣಪನದೇ ಎಂದು ಆಣೆ ಇಟ್ಟು ಹೇಳಿದ. ಸರಿ, ಈಗ ಗಣಪನ ಮಟ್ಟೆ ಬಿಟ್ಟು ಬೇರೆ ಯಾಕೆ ತಂದೆ, ಗಣಪ ಏನು ಮಾಡಿದ್ದ ನಿನಗೆ ಎಂದು ಇನ್ನೊಬ್ಬಳು ಜೋರು ಮಾಡಿದಳು. ಕದಿರೇಶ್ ಮೈಕು ಬಿಚ್ಚಿ ಸೀಟಿನ ಕೆಳಗೆ ಹಾಕಿಕೊಂಡು ಊರಿಗೆ ಬಂದ. ನಾಲ್ಕು ದಿನ ಅವನ ಬಾಯಲ್ಲಿ ಮಾತೇ ಹೊರಡಲಿಲ್ಲವಾದ್ದರಿಂದ ಮನೆಯಲ್ಲಿ ಎಲ್ಲರೂ ಗಾಬರಿಯಾದರು.

ನೇಯ್ದ ಕಾಲೊರಸುಗಳು ಹುಳದ ಮನೆಯಲ್ಲಿ ಅಡ್ಡಡ್ಡ ಬಿದ್ದವು. ಸಂಕ್ರಾಂತಿಯ ಎಳ್ಳು ಬೀರಿ ಬಂದ ಸಂಜೆ ಅತ್ತೆ ಫೋನಿನಲ್ಲಿ ಮಾತಾಡುವುದು ಆದಿಲಕ್ಷ್ಮಿಯ ಕಿವಿಗೆ ಬಿತ್ತು. ಆ ಕಡೆ ಇದ್ದವನು ಉಮಾಶಂಕರ್, ರೇಷ್ಮೆಯ ಮರಿಹುಳಗಳನ್ನು ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದವನು. "ಉಗಾದಿ ಆದ್ಮೇಲೆ ನನಗೂ ಒಂದು ಪಾಲು ಹುಳ ಎತ್ತಿಡಪ್ಪ," ಎನ್ನುತ್ತಿದ್ದಳು ದೊಡ್ಡಗಂಗಮ್ಮ. ಬೈದು ಹೇಳಲಿಲ್ಲ, ಕದ್ದು ಹೇಳಲಿಲ್ಲ. ಕೊಟ್ಟ ಮಾತಿನ ಪ್ರಕಾರ ಹೇಳುತ್ತಿದ್ದಳು. ಆದಿಲಕ್ಷ್ಮಿಗೆ ಜಗಳವಾಡಲು ಕೂಡ ದಾರಿ ಇರಲಿಲ್ಲ. ಹಿತ್ತಲಿಗೆ ಹೋಗಿ ನಾರಿನ ರಾಶಿಯ ಹಿಂದೆ ಕೂತು ಮನಸ್ಸು ಹಗುರವಾಗುವ ತನಕ ಅತ್ತಳು.

ಕ್ಯಾಲನೂರಿನಲ್ಲಿ ಒಂದು ಮನೆ ಉಳಿದಿತ್ತು. ವೆಂಕಟರಮಣಪ್ಪ ಎಂಬ ಹಿರಿಯರು ಕಾಲೊರಸು ಕೊಂಡವರು, ಹಸು ಕಟ್ಟುವ ಹಗ್ಗ ಬೇಕೆಂದು ಹೇಳಿ ಕಳಿಸಿದ್ದರು. ಆದಿಲಕ್ಷ್ಮಿ ಹಗ್ಗ ಹೊಸೆದು ತೆಗೆದುಕೊಂಡು ಹೋದಳು. ಕಾಲೊರಸು ಯಾವ ಗೋಡೆಯ ಮೇಲಿದೆಯೋ ಎಂದು ಕಣ್ಣು ಹಾಯಿಸಿದರೆ, ವೆಂಕಟರಮಣಪ್ಪ ಜಗಲಿಯಲ್ಲಿ ಅದರ ಮೇಲೇ ಕೂತು ಪೇಪರ್ ಓದುತ್ತಿದ್ದರು. ಎರಡು ಸಾಲು ಓದುವುದು, ಈ ಕಡೆ ಸರಿಯುವುದು. ಎರಡು ಸಾಲು ಓದುವುದು, ಆ ಕಡೆ ಸರಿಯುವುದು.

"ಯಾಕೆ ತಾತ, ಹಿಂಗೆ ಒದ್ದಾಡ್ತಿದೀರಾ?"

"ದೇವರ ನಾರು ಕಣಮ್ಮ, ಕಾಲಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಕೂತ್ಕೊಳ್ಳೋಣ ಅಂದ್ರೆ ಇರುವೆ ಗೂಡಿನ ಮೇಲೆ ಕೂತಂಗೈತೆ."

"ಕೂರಬಹುದಾ ತಾತ ಇದರ ಮೇಲೆ? ತಪ್ಪಲ್ವಾ?"

ವೆಂಕಟರಮಣಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವಳನ್ನು ನೋಡಿದರು. "ಕೂತ್ರೆ ಏನಮ್ಮ ತಪ್ಪು? ದೇವರ ಮುಂದೆ ಕೂತೇ ತಾನೆ ಪೂಜೆ ಮಾಡೋದು!"

ಕಾಲು ಇಡಬಾರದು, ಕುಂಡೆ ಊರಬಹುದು. ಇದರಲ್ಲಿ ತರ್ಕ ಹುಡುಕುವವರು ಹುಡುಕಲಿ, ನಮ್ಮ ಕಡೆಯ ಜನಕ್ಕೆ ಇದು ಹುಟ್ಟಿದಾರಭ್ಯ ಗೊತ್ತಿರುವ ಸಂಗತಿ. ಆದಿಲಕ್ಷ್ಮಿಗೂ ಗೊತ್ತಿತ್ತು, ಹೊಳೆದಿರಲಿಲ್ಲ ಅಷ್ಟೇ. ಹಗ್ಗ ಅವರ ಕೈಗೆ ಕೊಟ್ಟವಳೇ ಬಸ್ ನಿಲ್ದಾಣಕ್ಕೆ ಓಡಿದಳು.

ಕಾಲೊರಸಿನಲ್ಲಿ ನಾರಿನ ತುದಿ ಮೇಲೆದ್ದು ನಿಲ್ಲುತ್ತದೆ. ಕಾಲಿನ ಕೆಸರು ತೆಗೆಯಲು ಅದು ಬೇಕು. ಕೂರುವವರಿಗೆ ಚುಚ್ಚುವುದು ಅದೇ. ತುದಿ ಒಳಗೆ ಸೇರಬೇಕು, ಮೇಲ್ಭಾಗ ನುಣ್ಣಗಿರಬೇಕು. ಮಗ್ಗದಲ್ಲಿ ಹಾಕಿ ನೋಡಿದರು, ಬಿರುಸಾಯಿತು. ಎರಡು ಎಳೆಯ ಹಗ್ಗ ಸುತ್ತಿ ನೋಡಿದರು, ಗಂಟು ಗಂಟಾಯಿತು. ಕೊನೆಗೆ ಕುಂಟೆಯಲ್ಲಿ ಇನ್ನೂ ಹೆಚ್ಚು ದಿನ ನೆನೆದ ಗಣಪನ ಮಟ್ಟೆಯ ನಾರನ್ನು ಬಾಚಿ, ತಲೆಗೂದಲಿನ ಹಾಗೆ ಮೂರು ಕಾಲಿನ ಜಡೆ ಹೆಣೆದು, ಆ ಜಡೆಯನ್ನು ಚಕ್ಕುಲಿಯಂತೆ ಸುತ್ತಿ ಹೊಲಿದು ನೋಡಿದರು. ಇದು ಪರವಾಗಿಲ್ಲ ಎನಿಸಿತು. ಆದರೆ ಜಡೆ ಸಡಿಲ, ಕೂತು ಏಳುವಷ್ಟರಲ್ಲಿ ಚಕ್ಕುಲಿ ಬಿಚ್ಚಿಕೊಳ್ಳುತ್ತಿತ್ತು.

ದೊಡ್ಡಗಂಗಮ್ಮ ಹುಳದ ತಟ್ಟೆಗಳನ್ನು ತೊಳೆದು ಒಣಗಿಸಲು ಹುಳದ ಮನೆಗೆ ಬಂದಿದ್ದಳು. ತಟ್ಟೆ ತೊಳೆಯುವುದೆಂದರೆ ಉಗಾದಿಗೆ ತಯಾರಿ ಎಂದೇ ಅರ್ಥ, ಸೊಸೆ ಅದನ್ನು ನೋಡಿಯೂ ನೋಡದವಳಂತೆ ಜಡೆ ಹೆಣೆಯುತ್ತಿದ್ದಳು. ಅತ್ತೆ ಒಂದು ತಟ್ಟೆ ಹಿಡಿದು ಬಾಗಿಲ ಕಡೆ ಹೊರಟವಳು ನಿಂತಳು. ಸೊಸೆಯ ಕೈ ನೋಡಿದಳು. ಮೂಗು ಮುರಿದಳು.

ಇಲ್ಲೊಂದು ಮಾತು ಹೇಳಲೇಬೇಕು. ಬೈರಕೂರಿನ ಸುತ್ತ ಯಾವ ಮದುವೆಯೇ ಇರಲಿ, ಹೆಣ್ಣಿಗೆ ಮೊಗ್ಗಿನ ಜಡೆ ಹಾಕಲು ಕರೆ ಬರುತ್ತಿದ್ದದ್ದು ದೊಡ್ಡಗಂಗಮ್ಮನಿಗೆ. ಆಕೆ ಹಾಕಿದ ಜಡೆ ಧಾರೆ ಮುಗಿದು, ಬೀಗರ ಔತಣ ಮುಗಿದು, ಹುಡುಗಿ ಗಂಡನ ಮನೆ ಸೇರಿದ ಮೇಲೂ ಒಂದು ಎಳೆ ಅಲುಗುತ್ತಿರಲಿಲ್ಲ. ಅಂಥವಳ ಕಣ್ಣೆದುರಿಗೆ ಸ್ವಂತ ಸೊಸೆ ಜೊಳಜೊಳ ಜಡೆ ಹೆಣೆಯುವುದೆಂದರೆ!

"ಇದೇನೇ ಇದು? ಜಡೆನಾ, ಕುರಿ ಬಾಲಾನಾ?"

"ಬಿಗಿ ಬರ್ತಿಲ್ಲ ಅತ್ತೆ."

"ಮೂರು ಕಾಲಲ್ಲಿ ಎಲ್ಲೇ ಬಿಗಿ ಬರುತ್ತೆ? ಐದು ಕಾಲು ಹಾಕು. ಕೊಡಿಲ್ಲಿ."

ತಟ್ಟೆಯನ್ನು ಗೋಡೆಗೆ ಒರಗಿಸಿ, ಗೂಟಕ್ಕೆ ನಾರು ಬಿಗಿದು ನಿಂತಳು. ಬೆರಳುಗಳು ಹೇಗೆ ಓಡಿದವೆಂದರೆ ವಾಣಿಶ್ರೀ ಬಾಯಿ ಬಿಟ್ಟುಕೊಂಡು ನೋಡಿದಳು. ಹೆಣೆಯುತ್ತ ಹೆಣೆಯುತ್ತ ನಡುನಡುವೆ ಒದ್ದೆ ಕೈ ಸವರಿ ತುದಿಗಳನ್ನೆಲ್ಲ ಒಳಗೆ ತಳ್ಳಿದಳು. ಮಾರುದ್ದದ ಜಡೆ ಮುಗಿದಾಗ ಅದು ಹಾವಿನ ಮೈಯಷ್ಟು ನುಣುಪಾಗಿತ್ತು. ಆದಿಲಕ್ಷ್ಮಿ ಅದನ್ನು ಸುತ್ತಿ ಹೊಲಿದು ನೆಲದ ಮೇಲೆ ಹಾಕಿದಳು. ಮೂವರೂ ಅದನ್ನೇ ನೋಡುತ್ತ ನಿಂತರು. ಯಾರು ಮೊದಲು?

ದೊಡ್ಡಗಂಗಮ್ಮ ಎರಡು ಬೆರಳಿನಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಸೀರೆ ಸರಿಮಾಡಿಕೊಂಡು ಅದರ ಮೇಲೆ ಪಟ್ಟಾಗಿ ಕೂತಳು. ಕೂತವಳು ಏಳಲಿಲ್ಲ. ಅಲ್ಲಿಗೇ ಕಾಫಿ ತರಿಸಿಕೊಂಡಳು.

"ಕೂರೋಕೆ ಚೆನ್ನಾಗೈತೆ," ಎಂದಳು ಕಾಫಿ ಮುಗಿಸಿ. ತಟ್ಟೆಗಳನ್ನು ತೊಳೆಯುವುದು ಆ ದಿನ ಮರೆತೇಹೋಯಿತು. ಮರುದಿನ ನೆನಪಾಯಿತು, ತೊಳೆದಳು. ಆದ್ದರಿಂದ ಆದಿಲಕ್ಷ್ಮಿಯ ಜೀವ ಇನ್ನೂ ಕೈಯಲ್ಲೇ ಇತ್ತು.

ಈ ಸಲ ಮೈಕು ಬೇಕಾಗಲಿಲ್ಲ. ಗೋಡೆಯ ಮೇಲೆ ಕಾಲೊರಸು ತೂಗುಹಾಕಿದ್ದವರೇ ಮೊದಲು ಬಂದರು. ಗಣಪನ ನಾರಿನ ಮೇಲೆ ಕೂತು ಪೂಜೆ ಮಾಡಬಹುದು ಎಂಬ ಸುದ್ದಿ ಡೈರಿಯ ಸಾಲಿನಲ್ಲಿ ಹಾಲಿಗಿಂತ ಬೇಗ ಹರಡಿತು. ಸತ್ಯನಾರಾಯಣ ಪೂಜೆಗೆ ಎರಡು, ಸೀಮಂತಕ್ಕೆ ಒಂದು, ನಾಮಕರಣಕ್ಕೆ ಅಗಲವಾದದ್ದು. ವೆಂಕಟರಮಣಪ್ಪ ತಮಗೊಂದು, ತಮ್ಮ ಜೊತೆ ಪೇಪರ್ ಓದುವ ಗೆಳೆಯರಿಗೆ ಒಂದೊಂದು ತರಿಸಿಕೊಂಡರು. ಹಳೆಯ ಕಾಲೊರಸುಗಳನ್ನು ಕೊಟ್ಟವರಿಗೆ ಆದಿಲಕ್ಷ್ಮಿ ಬದಲಿಗೆ ಆಸನ ಕೊಟ್ಟಳು. ವಾಪಸು ಬಂದವನ್ನು ಕದಿರೇಶ್ ಒಯ್ದು, ಗಣಪನ ಕತೆ ಗೊತ್ತಿಲ್ಲದ ಹೊಸಕೋಟೆಯ ಕಡೆ ಮಾರಿಬಂದ. ಅಲ್ಲಿ ಬಾಯಿ ತೆರೆಯಬಾರದೆಂದು ಹೆಂಡತಿ ಅವನಿಂದ ಆಣೆ ಮಾಡಿಸಿಕೊಂಡಿದ್ದಳು. ಅವನ ಜೀವನದಲ್ಲೇ ಅದು ಅತ್ಯಂತ ಕಷ್ಟದ ಬಾಡಿಗೆಯಾಗಿತ್ತಂತೆ.

ಮಾಘದ ಮದುವೆಗಳು ಬಂದವು. ಶ್ರೀನಿವಾಸಪುರದ ಒಂದು ಕಲ್ಯಾಣ ಮಂಟಪದವರು ಹಸೆಯ ಮೇಲೆ ಹೆಣ್ಣು ಗಂಡು ಕೂರಲು, ಪುರೋಹಿತರು ಕೂರಲು, ನೆಲದ ಮೇಲೆ ಪಂಕ್ತಿ ಊಟಕ್ಕೆ ಕೂರುವ ಹಿರಿಯರಿಗೆ, ಎಲ್ಲಕ್ಕೂ ಇವೇ ಬೇಕೆಂದರು. ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ವಾಣಿಶ್ರೀ ಬೀದಿಯಲ್ಲಿ ನಿಂತು, "ಜಡೆ ಹಾಕೋಕೆ ಬರೋರೆಲ್ಲ ಬನ್ನಿ," ಎಂದಳು. ಜಡೆ ಹಾಕಲು ಬಾರದ ಹೆಂಗಸು ಎಲ್ಲಿದ್ದಾಳೆ? ಡೈರಿಗೆ ಹಾಲು ಹಾಕಿ ಬಂದವರು, ಟೊಮೆಟೊ ಬಿಡಿಸಿ ಬಂದವರು, ಕಂಪನಿ ಬಸ್ಸಿನ ಇಬ್ಬರು ರಜೆಯ ದಿನ, ಎಲ್ಲರೂ ಸೇರಿದರು. ಹುಳದ ಮನೆಯ ಗೂಟಗೂಟಕ್ಕೂ ನಾರು ಕಟ್ಟಿದರು. ಜೋರಾಗಿ ಮಾತಾಡಬಾರದ ಆ ಮನೆಯಲ್ಲಿ ನಗು, ಹಾಡು, ಅತ್ತೆಯರ ಮೇಲಿನ ದೂರು, ಎಲ್ಲವೂ ಕೇಳಿಬರತೊಡಗಿದವು. ದೊಡ್ಡಗಂಗಮ್ಮ ಅವರ ನಡುವೆ ಓಡಾಡುತ್ತ ಸಡಿಲ ಜಡೆ ಕಂಡಲ್ಲಿ ಬಿಚ್ಚಿ ಹಾಕುತ್ತಿದ್ದಳು. ಅತ್ತೆಯರ ಮೇಲಿನ ದೂರು ಬಂದಾಗ ಮಾತ್ರ ಕಿವಿ ಕೇಳದವಳಂತೆ ಇರುತ್ತಿದ್ದಳು.

ಇಷ್ಟಾದರೂ ಬೀಗದ ಕೈಯ ಮಾತು ಯಾರೂ ಎತ್ತಲಿಲ್ಲ. ತೊಳೆದ ತಟ್ಟೆಗಳು ಹಿತ್ತಲಿನ ಗೋಡೆಗೆ ಸಾಲಾಗಿ ಒರಗಿದ್ದವು. ತೋಟದಲ್ಲಿ ಹಿಪ್ಪುನೇರಳೆ ಹೊಸ ಸೊಪ್ಪು ಹೊಡೆದು ನಿಂತಿತ್ತು. ಉಗಾದಿ ಹತ್ತಿರವಾದಂತೆಲ್ಲ ಆದಿಲಕ್ಷ್ಮಿಗೆ ಊಟ ಸೇರದಾಯಿತು. ಕೇಳಿಬಿಡು ಎಂದ ಕದಿರೇಶ್. ಅವಳಿಗೆ ಬಾಯಿ ಬರಲಿಲ್ಲ. ಹುಳವೆಂದರೆ ಅತ್ತೆಗೆ ಬರಿಯ ಹುಳವಲ್ಲ, ಆಕೆಯ ವಯಸ್ಸು, ಆಕೆಯ ದುಡಿಮೆ, ಊರಿನಲ್ಲಿ ಆಕೆಗಿದ್ದ ಹೆಸರು. ಅದನ್ನು ಬಿಟ್ಟುಕೊಡು ಎಂದು ಯಾವ ಬಾಯಲ್ಲಿ ಕೇಳುವುದು? ಜಾಗ ಕೊಟ್ಟದ್ದೇ ದೊಡ್ಡದು. ಬೇರೆ ಎಲ್ಲಾದರೂ ತಗಡಿನ ಶೀಟು ಹಾಕಿಕೊಳ್ಳಬೇಕು, ಆಗದಿದ್ದರೆ ಇದ್ದೇ ಇದೆ ಕಾರ್ಖಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿರುವಾಗ ಒಂದು ಬೆಳಗ್ಗೆ ಉಮಾಶಂಕರ್ ಬೈಕಿನಲ್ಲಿ ಬಂದ. ಹುಳದ ಮನೆಯ ಬಾಗಿಲಲ್ಲಿ ಅವನ ನೆರಳು ಕಂಡೊಡನೆ ಒಳಗಿನ ಮಾತೆಲ್ಲ ನಿಂತಿತು. ಅವನು ಯಾಕೆ ಬಂದನೆಂದು ಅಲ್ಲಿ ಕೂತಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಆದಿಲಕ್ಷ್ಮಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಜಡೆಯ ಐದು ಕಾಲೂ ಒಂದರೊಳಗೊಂದು ಸಿಕ್ಕಿಕೊಂಡವು.

"ಅಮ್ಮ, ಹಬ್ಬ ಆದ ಮಾರನೇ ದಿನಾನೇ ಹುಳ ಕಳಿಸ್ಲಾ?" ಎಂದ ಉಮಾಶಂಕರ್. "ಈ ಸಲ ಒಳ್ಳೆ ತಳಿ ಬಂದೈತೆ. ನಿಮ್ಗೇ ಅಂತ ಎತ್ತಿಟ್ಟಿದೀನಿ."

ದೊಡ್ಡಗಂಗಮ್ಮ ಆಗಷ್ಟೇ ತೋಟದಿಂದ ಬಂದು ಅವನ ಪಕ್ಕದಲ್ಲಿ ನಿಂತಿದ್ದಳು. ಒಳಗೆ ಇಣುಕಿ ನೋಡಿದಳು. ನೆಲದ ತುಂಬ ನಾರು, ನಾರಿನ ನಡುವೆ ಹೆಂಗಸರು, ಹೆಂಗಸರ ಸುತ್ತ ಸುತ್ತಿಟ್ಟ ಜಡೆಗಳು, ಗೋಡೆಯ ಉದ್ದಕ್ಕೂ ಪೇರಿಸಿದ ಆಸನಗಳು. ಬಹಳ ಹೊತ್ತು ನೋಡಿದಳು. ಆಕೆಯ ಮುಖದಲ್ಲಿ ಏನು ಹಾದುಹೋಯಿತೆಂದು ಸೊಸೆಗೆ ಕಾಣಲಿಲ್ಲ, ಅವಳು ನೆಲವನ್ನೇ ನೋಡುತ್ತಿದ್ದಳು.

"ಹುಳ ಎಲ್ಲಪ್ಪಾ ಬಿಡ್ಲಿ?" ಎಂದಳು ದೊಡ್ಡಗಂಗಮ್ಮ. "ನೋಡು, ನನಗೇ ಕೂರೋಕೆ ಜಾಗ ಇಲ್ಲ."

"ಮತ್ತೆ ಸಂಕ್ರಾಂತಿಲಿ ಹೇಳಿದ್ರಲ್ಲಮ್ಮ?"

"ಹೇಳಿದ್ದೆ. ಈಗ ಬೇಡ ಅಂತಿದೀನಿ. ಬೇರೆ ಯಾರಿಗಾದ್ರೂ ಕೊಡು, ಸೊಪ್ಪೂ ನಮ್ಮದೇ ತಗೊಳ್ಳಲಿ."

ಉಮಾಶಂಕರ್ ತಲೆಯಾಡಿಸಿ ಬೈಕು ಹತ್ತಿದ. ದೊಡ್ಡಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು, ಸೊಂಟಕ್ಕೆ ಕೈ ಕೊಟ್ಟುಕೊಂಡು.

ಆದಿಲಕ್ಷ್ಮಿಗೆ ಕಣ್ಣು ತುಂಬಿ ಎದುರಿಗಿದ್ದದ್ದೆಲ್ಲ ಮಸುಕಾಯಿತು. ಪಕ್ಕದಲ್ಲಿದ್ದ ನಾರಿನ ಕಟ್ಟನ್ನು ಎರಡೂ ಕೈಯಿಂದ ಆಚೆಗೆ ತಳ್ಳಿ, ತಾನೂ ಗೋಡೆಯ ಕಡೆಗೆ ಸರಿದು, ಅತ್ತೆಗೆ ಜಾಗ ಮಾಡಿದಳು.

"ಇನ್ನೊಂಚೂರು ಸರಿಯೇ," ಎಂದು ದೊಡ್ಡಗಂಗಮ್ಮ ಬಂದು ಅವಳ ಪಕ್ಕದಲ್ಲಿ ಕೂತಳು.